ಒಂದು ತಟ್ಟಿದರೆ ಬೇಕು, ಎರಡು ತಟ್ಟಿದರೆ ಬೇಡ

…ಬೇಡ ಅಕ್ಕ, ಮುಚ್ಚಬೇಡ, ಕೈ ತೆಗಿ. ನನ್ನ ಲ್ಯಾಪ್‌ಟಾಪ್ ಮುಚ್ಚಿದ್ರೆ ನಿದ್ದೆಗೆ ಹೋಗುತ್ತೆ, ಕೆಲಸ ಅಲ್ಲಿಗೇ ನಿಲ್ಲುತ್ತೆ. ಏನು, ಮುಖ ನೋಡಿ ಮಾತಾಡು ಅಂತನಾ? ನೋಡ್ತೀನಿ. ಇಗೋ, ನೋಡ್ತಾನೇ ಇದ್ದೀನಿ. ಆದ್ರೆ ಒಂದು ಕಣ್ಣು ಈ ಪರದೆ ಮೇಲೂ ಇರ್ಬೇಕು, ಆಯ್ತಾ? ನಡುವೆ ಎಲ್ಲಾದ್ರೂ ಎರರ್ ಬಂದು ನಿಂತುಬಿಟ್ರೆ ಕಷ್ಟ.

ಶಾಲಾ ಸಮಿತಿಯವರು ನಾಲ್ಕು ಗಂಟೆಗೆ ಇನ್ನೊಂದು ಸಲ ನೋಡ್ತೀವಿ ಅಂದಿದ್ದಾರಲ್ಲ. ಗೋಡೆ ಗಡಿಯಾರ ನೋಡು. ಮೂರು ಐದು. ನನ್ನ ಲ್ಯಾಪ್‌ಟಾಪಲ್ಲಿ ಹೊಸ ಕರ್ನಲ್ ಪ್ರೋಗ್ರಾಂ ಕಟ್ಟೋಕೆ ಮೂವತ್ತೈದು ನಿಮಿಷ, ಅದನ್ನ ನಿನ್ನ ಲ್ಯಾಪ್‌ಟಾಪಿಗೆ ಹಾಕೋಕೆ ಐದು ನಿಮಿಷ. ಇನ್ನೂ ಹದಿನೈದು ನಿಮಿಷ ಕೈಲಿ ಉಳಿಯುತ್ತೆ. ಲೆಕ್ಕದ ಟೀಚರಿಗೆ ನಾನು ಲೆಕ್ಕ ಹೇಳಿಕೊಡ್ತಿದ್ದೀನಿ ನೋಡು.

ನಗಲ್ಲ ಅಲ್ವಾ. ಸರಿ.

ನಿಮ್ಮ ಶಾಲೆ ಅಟೆಂಡರ್ ಫೋನ್ ಮಾಡಿದಾಗ ಅಂಗಡೀಲಿ ಯಾರದೋ ಪ್ರಿಂಟರ್ ಬಿಚ್ಚಿ ಕೂತಿದ್ದೆ. "ನಿಮ್ಮ ಅಕ್ಕನ ಮಷೀನು ಬಾಯಿ ಬಿಡ್ತಿಲ್ಲ ಸಾರ್, ಐದು ಜನ ದೊಡ್ಡವರ ಮುಂದೆ ಅವರು ಸುಮ್ನೆ ನಿಂತಿದ್ದಾರೆ, ನೋಡೋಕಾಗ್ತಿಲ್ಲ, ಬನ್ನಿ" ಅಂದ. ಶಟರ್ ಅರ್ಧ ಎಳೆದು ಓಡಿ ಬಂದೆ. ಪ್ರಿಂಟರ್ ಹೊಟ್ಟೆ ಹಾಗೇ ತೆರ್ಕೊಂಡು ಬಿದ್ದಿದೆ. ಬೆವರು ನೋಡು, ಶರ್ಟು ಬೆನ್ನಿಗೆ ಅಂಟಿದೆ. ಇಷ್ಟು ಓಡಿ ಬಂದವನು ಬೇಕೂ ಅಂತ ಮಾಡಿರ್ತಾನಾ?

ನೀನು ಹಾಗೆ ಅನ್ನಲಿಲ್ಲ. ಹೌದು, ನೀನೇನೂ ಅನ್ನಲಿಲ್ಲ. ನಾನೇ ಅಂದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗಾಯ್ತು… ಬಿಡು.

ಇವತ್ತಿನ ದಿನ ಏನು ಅಂತ ನಂಗೆ ಗೊತ್ತಿಲ್ವಾ? ಗಂಟಲಿನ ಆಪರೇಷನ್ ಆಗಿ ಹದಿಮೂರು ತಿಂಗಳು. ಡಾಕ್ಟರು ಜೀವ ಉಳಿಸಿದ್ರು, ಧ್ವನಿ ಪೆಟ್ಟಿಗೆ ತೆಗೆದ್ರು. ಆಮೇಲೆ ನೀನು ಈ ಹಳೇ ಲ್ಯಾಪ್‌ಟಾಪ್ ಇಟ್ಕೊಂಡು ಟೈಪ್ ಮಾಡೋದು, ಅದು ಓದಿ ಹೇಳೋದು. ಆ ಪ್ರೋಗ್ರಾಂ ಹಾಕಿಕೊಟ್ಟಿದ್ದು ಯಾರು? ನಾನು. ಮತ್ತೆ ಕ್ಲಾಸಿಗೆ ಹೋಗಿ ಪಾಠ ಮಾಡ್ತೀನಿ ಅಂತ ಅರ್ಜಿ ಕೊಟ್ಟಾಗ ಅದನ್ನ ಪೋಸ್ಟಿಗೆ ಹಾಕಿ ಬಂದಿದ್ದೂ ನಾನೇ. ಪಾಠ ಬೇಡ, ಲೈಬ್ರರೀಲಿ ಕೂತ್ಕೊಳ್ಳಿ ಅಂತ ಇವರು. ಮಷೀನಲ್ಲೇ ಪಾಠ ಮಾಡಿ ತೋರಿಸ್ತೀನಿ, ನೋಡಿ ಆಮೇಲೆ ಹೇಳಿ ಅಂತ ನೀನು. ಆ ತೋರಿಸೋ ದಿನ ಇವತ್ತು. ಎಲ್ಲಾ ಗೊತ್ತು ನಂಗೆ.

ಅದಕ್ಕೇ ತಾನೇ ನೀನು ನನ್ನ ಹತ್ರ ಬಂದಿದ್ದು. ತೆರೆದ್ರೆ ಎದ್ದೇಳೋಕೆ ಮೂರೂವರೆ ನಿಮಿಷ, ಮಾತಾಡ್ತಾ ಮಾತಾಡ್ತಾ ನಡುವೆ ಉಸಿರು ಕಟ್ಟಿದ ಹಾಗೆ ನಿಂತುಬಿಡೋದು, ಕ್ಲಾಸಲ್ಲಿ ಮಕ್ಕಳು ಅಷ್ಟು ಹೊತ್ತು ಕಾಯ್ತಾರಾ ಅಂತ ಕೇಳಿದೆ. ಹೊಸದು ತಗೋಳೋಣ ಅಂದ್ರೆ ಬೇಡ, ಇದೇ ಅಭ್ಯಾಸ ಅಂದೆ. ನಾನು ಏನಂದೆ? ಇದರ ಕರ್ನಲ್ ಬದಲಾಯಿಸ್ತೀನಿ ಅಕ್ಕ, ನಿನ್ನ ಅಳತೆಗೆ ಹೊಲಿದ ಬಟ್ಟೆ ಥರ ಮಾಡಿಕೊಡ್ತೀನಿ ಅಂದೆ. ಮಾಡಿಕೊಟ್ಟೆ. ಹನ್ನೊಂದು ಸೆಕೆಂಡಲ್ಲಿ ಎದ್ದೇಳುತ್ತೋ ಇಲ್ವೋ ಈಗ? ಹೇಳು. ಅದೊಂದನ್ನಾದ್ರೂ ಒಪ್ಕೋ.

ಹ್ಞೂಂ… ಹನ್ನೊಂದು ಸೆಕೆಂಡಲ್ಲಿ ಎದ್ದು ಮೂಕನ ಹಾಗೆ ನಿಂತ್ಕೋತು. ಗೊತ್ತು.

ಅಟೆಂಡರ್ ಎಲ್ಲಾ ಹೇಳಿದ. ನೀನು ಕೀ ಒತ್ತಿದ್ಯಂತೆ, ಅಕ್ಷರ ಓಡಿತಂತೆ, ಧ್ವನಿ ಇಲ್ಲ. ಇನ್ನೊಂದ್ಸಲ ಒತ್ತಿದ್ಯಂತೆ. ಸ್ಪೀಕರಿಗೆ ಕಿವಿ ಇಟ್ಟು ನೋಡಿದ್ಯಂತೆ. ಆಮೇಲೆ ಬೋರ್ಡಿನ ಹತ್ರ ಹೋಗಿ ಸೀಮೆಸುಣ್ಣದಲ್ಲಿ "ದಯವಿಟ್ಟು ಒಂದು ನಿಮಿಷ" ಅಂತ ಬರೆಯೋಕೆ ಹೋದ್ರೆ ಅದೂ ಮುರೀತಂತೆ. ಅಲ್ಲೇ ಇದೆ ನೋಡು ಇನ್ನೂ, ಬೋರ್ಡ್ ಮೇಲೆ. "ದಯವಿಟ್ಟು ಒಂದು ನಿ." ಅಷ್ಟೇ. ಅದನ್ನ ಒರೆಸಿಬಿಡ್ಲಾ? ನಂಗೆ ಅದರ ಎದುರು ಕೂರೋಕೆ ಆಗ್ತಿಲ್ಲ.

ಬೇಡ್ವಾ. ಇರಲಿ ಹಾಗಾದ್ರೆ.

ಸರಿ, ಏನಾಯ್ತು ಅಂತ ಹೇಳ್ತೀನಿ ಕೇಳು. ಯೋಚನೆ ಮಾಡ್ಕೊಂಡೇ ಬಂದಿದ್ದೀನಿ ದಾರೀಲಿ. ಭಾನುವಾರ ಬೆಳಿಗ್ಗೆ ಅಡುಗೆಮನೆ ಮೇಜಿನ ಮೇಲೆ ನಾವು ಕೂತಿದ್ವಲ್ಲ. ಕರ್ನಲ್ ಅಂದ್ರೆ ಏನೋ ಪುಟ್ಟ ಅಂತ ನೀನು ಕೇಳಿದೆ, ಮಷೀನು "ಪುಟಾ" ಅಂತು. ನಾನು ಹೇಳಿದ್ದೆ, ಮನೇಲಿ ಕೀಲಿಗೊಂಚಲು ಇಟ್ಕೊಂಡಿರೋ ಅಜ್ಜಿ ಥರ ಅಂತ. ಯಾವ ಪ್ರೋಗ್ರಾಂಗೆ ಏನು ಬೇಕಾದ್ರೂ, ಪರದೆ ಬೇಕು, ಕೀಬೋರ್ಡ್ ಬೇಕು, ಸ್ಪೀಕರ್ ಬೇಕು, ಎಲ್ಲದಕ್ಕೂ ಆ ಅಜ್ಜೀನೇ ಕೇಳಬೇಕು. ಅಜ್ಜಿ ಹತ್ರ ಕೀಲಿ ಇಲ್ಲ ಅಂದ್ರೆ ಕೋಣೆ ಇದ್ದೂ ಇಲ್ಲದ ಹಾಗೆ. ಮಾಮೂಲಿ ಬರೋ ಅಜ್ಜಿ ಲೋಕದಲ್ಲಿರೋ ಎಲ್ಲಾ ಬೀಗದ ಕೀಲೀನೂ ಹೊತ್ಕೊಂಡಿರ್ತಾಳೆ, ಅದಕ್ಕೇ ಏದುಸಿರು ಬಿಡ್ತಾಳೆ. ನಿನ್ನ ಮನೇಲಿ ಎಷ್ಟು ಬೀಗವೋ ಅಷ್ಟೇ ಕೀಲಿ ಉಳಿಸೋಣ. ಆಗ ಅವಳು ಹುಡುಗಿ ಥರ ಓಡಾಡ್ತಾಳೆ. ನೀನು ನಕ್ಕಿದ್ದೆ. ಭುಜ ಕುಣಿದಿತ್ತು.

ಸಾಮಾನ್ಯವಾಗಿ ಈ ಕೆಲಸಕ್ಕೆ ಅಡ್ಡದಾರಿ ಇದೆ ಅಕ್ಕ. ಈಗ ಏನೇನು ಓಡ್ತಿದೆಯೋ ಅಷ್ಟನ್ನ ಮಾತ್ರ ಇಟ್ಕೋ ಅಂದ್ರೆ ಅದೇ ಇಟ್ಕೊಳ್ಳುತ್ತೆ. ಆದ್ರೆ ನಿಂಗೆ ಒಂದೊಂದೂ ನೋಡಬೇಕು ಅಂತಾಯ್ತು, ಲೆಕ್ಕದ ಟೀಚರ್ ನೋಡು. ಅದಕ್ಕೇ ನಾನು ಒಂದೊಂದೇ ಪ್ರಶ್ನೆ ಓದ್ತಾ ಹೋದೆ, ನೀನು ಮೇಜು ತಟ್ತಾ ಹೋದೆ. ಒಂದು ತಟ್ಟಿದ್ರೆ ಬೇಕು, ಎರಡು ತಟ್ಟಿದ್ರೆ ಬೇಡ. ಫ್ಲಾಪಿ ಡ್ರೈವ್? ಟಕ್ ಟಕ್. ಹವ್ಯಾಸಿ ರೇಡಿಯೋ? ಟಕ್ ಟಕ್. ಜಾಯ್‌ಸ್ಟಿಕ್ ಬೇಕಾ ಅಕ್ಕ, ನಿವೃತ್ತಿ ಆದ ಮೇಲೆ ವಿಮಾನ ಓಡಿಸ್ತೀಯಾ ಅಂದ್ರೆ ಮೇಜು ಬಿಟ್ಟು ನನ್ನ ತಲೆಗೇ ಎರಡು ತಟ್ಟಿದ್ದೆ. ಎಂಟು ಸಾವಿರ ಪ್ರೊಸೆಸರ್ ಇದ್ರೆ ನಿಭಾಯಿಸೋ ಶಕ್ತಿ ಬೇಕಾ ಅಂತ ಕೇಳುತ್ತೆ ಅದು. ನಿನ್ನ ಈ ಬಡಪಾಯೀಲಿ ಇರೋದು ಎರಡು. ಟಕ್ ಟಕ್.

ಎಷ್ಟು ಚೆನ್ನಾಗಿತ್ತು ಆ ಬೆಳಿಗ್ಗೆ. ನಿಜ ಹೇಳ್ತೀನಿ, ನಿನ್ನ ಆಪರೇಷನ್ ಆದ ಮೇಲೆ ನಾವಿಬ್ರೂ ಅಷ್ಟು ಹೊತ್ತು ಒಟ್ಟಿಗೆ ಕೂತು ಮಾತಾಡಿದ್ದೇ ಇಲ್ಲ.

ಹಾಂ, ಎಲ್ಲಿದ್ದೆ? ಏನಾಯ್ತು ಅಂದ್ರೆ, ಈ ಪ್ರಶ್ನೆಗಳು ಒಂದಕ್ಕೊಂದು ನೇತಾಡ್ಕೊಂಡಿರ್ತವೆ. ಕೊಂಬೆ ಕಡಿದ್ರೆ ಅದರಲ್ಲಿದ್ದ ಹಣ್ಣೂ ಬೀಳುತ್ತಲ್ಲ, ಹಾಗೆ. ಮೇಲಿನ ಯಾವುದೋ ಒಂದಕ್ಕೆ ಬೇಡ ಅಂದ್ರೆ, ಅದರ ಕೆಳಗಿರೋದು ನಮ್ಮನ್ನ ಕೇಳದೇನೇ ಹೋಗಿಬಿಡುತ್ತೆ. ಈಗ ನೀನು ನಡುವೆ ಒಂದಷ್ಟಕ್ಕೆ ಪಟಪಟ ಅಂತ ಎರಡೆರಡು ತಟ್ಟಿದ್ಯಲ್ಲ? ಅದರಲ್ಲಿ ಯಾವುದಕ್ಕೋ ಧ್ವನಿ ನೇತಾಡ್ತಿತ್ತು. ಅದು ಬಿತ್ತು. ನನ್ನ ಕಣ್ಣಿಗೆ ಬೀಳಲಿಲ್ಲ. ನಿನ್ನ ತಪ್ಪು ಅಂತ ಹೇಳ್ತಿಲ್ಲ ನಾನು. ನಿಂಗೇನು ಗೊತ್ತಾಗುತ್ತೆ ಪಾಪ. ಇಬ್ಬರದ್ದೂ ಅಂದ್ಕೊಳ್ಳೋಣ. ಆಗೋದು ಆಯ್ತು, ಈಗ ಸರಿ ಮಾಡ್ತಿದ್ದೀನಲ್ಲ. ಸಮಿತಿಯವರಿಗೂ ಹೀಗೇ ಹೇಳೋಣ, ತಾಂತ್ರಿಕ ತೊಂದರೆ ಅಂತ. ತಾಂತ್ರಿಕ ಅಂದ್ರೆ ಯಾರೂ ಮರುಪ್ರಶ್ನೆ ಕೇಳಲ್ಲ.

ಯಾಕೆ ಹಾಗೆ ನೋಡ್ತಿದ್ದೀಯ?

ಹಳೇ ಕರ್ನಲ್ಲಾ? ಹಳೇದನ್ನ ಹಾಕಿ ಎಬ್ಬಿಸಿದ್ರೆ ಧ್ವನಿ ಬರ್ತಿತ್ತು, ಹೌದು. ಆದ್ರೆ ಅದು ಈಗ ಇಲ್ಲ. ತೆಗೆದುಬಿಟ್ಟೆ. ಜಾಗ… ಜಾಗ ಉಳಿಸೋಕೆ. ಗೊತ್ತು, ಗೊತ್ತು, ನಾನೇ ಹೇಳಿದ್ದೆ ಆವತ್ತು. ನಮ್ಮ ಕಸುಬಿನ ಮೊದಲ ಪಾಠ, ಹೊಸದು ನೆಟ್ಟಗೆ ನಿಲ್ಲೋ ತನಕ ಹಳೇದನ್ನ ಅಳಿಸಬಾರದು ಅಂತ. ದೊಡ್ಡದಾಗಿ ಹೇಳಿದ್ದೆ. ಮರೆತೆ ಅಕ್ಕ. ಮನುಷ್ಯ ಮರೀತಾನೆ. ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ, ಒಂದು ಸಲ ಮರೆತೆ.

ಅರ್ಧ ಆಯ್ತು ನೋಡು. ಹೇಗೆ ಓಡ್ತಿದೆ ಸಾಲು. ಇಪ್ಪತ್ತು ನಿಮಿಷ ಆಯ್ತಾ ಆಗ್ಲೇ? ಮಾತಾಡ್ತಾ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ಗಮನಿಸಿದ್ಯಾ, ಇಷ್ಟು ಹೊತ್ತು ಮಾತಾಡಿದ್ರೂ ನಾನು ಒಂದ್ಸಲಾನೂ ತೊದಲಲಿಲ್ಲ. ಒಂದೇ ಒಂದು ಸಲಾನೂ ಇಲ್ಲ! ಚಿಕ್ಕವನಿದ್ದಾಗ "ಮನೆ" ಅನ್ನೋಕೆ ಮನೆ ಸುತ್ತ ಓಡಿ ಬರಬೇಕಿತ್ತು ನಾನು. ಶಾಲೇಲಿ ತೊದಲ ಅಂತಲೇ ಹೆಸರು. ಈಗ ನೋಡು, ನೀರು ಕುಡಿದ ಹಾಗೆ…

ಯಾಕೆ ನಗ್ತಿದ್ದೀಯ? ನಕ್ಕಿದ್ದಲ್ವಾ ಅದು?

ಗೊತ್ತು, ನೀನು ಏನು ನೆನೆಸ್ಕೊಂಡೆ ಅಂತ. ಅಪ್ಪನ ಕನ್ನಡಕ. ನಾನು ಅದರ ಮೇಲೆ ಕೂತು ಮುರಿದು, ಬೆಕ್ಕು ಬೀಳಿಸಿತು ಅಂತ ಒಂದೇ ಉಸಿರಲ್ಲಿ ಕಥೆ ಹೇಳಿದ್ದೆ. ಎಲ್ಲರೂ ನಂಬಿದ್ರು. ನೀನು ಮಾತ್ರ ಆಮೇಲೆ ಹಿತ್ತಲಿಗೆ ಕರ್ಕೊಂಡು ಹೋಗಿ ಏನಂದೆ? "ಪುಟ್ಟ, ನಿಜ ಹೇಳುವಾಗ ನೀನು ತೊದಲ್ತೀಯ. ತೊದಲದೇ ಇದ್ರೆ ಅದು ಬಾಯಿಪಾಠ ಮಾಡ್ಕೊಂಡು ಬಂದ ಸುಳ್ಳು." ಎಂಟು ವರ್ಷದವನಿಗೆ ಹೇಳೋ ಮಾತಾ ಅದು? ಈಗ ನಂಗೆ ನಲವತ್ತೊಂದು ಅಕ್ಕ. ತೊದಲು ಬಿಟ್ಟು ಹೋಗಿದೆ, ಅಷ್ಟೇ. ಬಿಡಿಸಿದವಳೂ ನೀನೇ. ದಿನಾ ಸಂಜೆ ಮಗ್ಗಿ ಪುಸ್ತಕ ಹಿಡಿದು ಕೂರಿಸ್ಕೊಂಡು, ನನ್ನ ಒಂದೊಂದು ಅಕ್ಷರಕ್ಕೆ ನೀನು ಒಂದೊಂದು ಸಲ ಮೇಜು ತಟ್ತಿದ್ದೆ. ತಟ್ಟಿದ ಹಾಗೆ ಹೇಳು, ಅವಸರ ಇಲ್ಲ ಅಂತ. ನೀನು ತಟ್ಟಿದ್ರೆ ಮಾತ್ರ ಬರೋದು. ಹ. ದಿ. ನೇ. ಳು. ಹ. ತ್ತ. ಲಿ…

ಏನದು? ಬ್ಯಾಗಿಂದ ಏನು ತೆಗೀತಿದ್ದೀಯ?

ಓ, ನೋಟ್‌ಬುಕ್ಕು. ಭಾನುವಾರ ನೀನು ಬರೀತಿದ್ದ ನೋಟ್‌ಬುಕ್ಕು. ನಾನು ಓದಿದ ಪ್ರಶ್ನೆ ಎಲ್ಲಾ ಇದರಲ್ಲಿ… ಅಬ್ಬ, ಎಲ್ಲಾನೂ ಬರ್ಕೊಂಡಿದ್ದೀಯ. ನಂಬರ್ ಹಾಕಿ. ಬೇಕು ಅಂದಿದ್ದಕ್ಕೆ ಸರಿ ಗುರುತು, ಬೇಡ ಅಂದಿದ್ದಕ್ಕೆ ತಪ್ಪು ಗುರುತು. ನೀನು ಏನೋ ಗೀಚ್ತಿದ್ದೀಯ ಅಂದ್ಕೊಂಡಿದ್ದೆ. ಇದೇನು ಪುಟ ಗುರುತಿಗೆ, ಹಳೇ ಬಸ್ ಟಿಕೆಟ್ಟು? ಇಡು ಅದನ್ನ. ಯಾವ ಪುಟ… ಪ್ರಶ್ನೆ ನೂರ ನಲವತ್ತೆರಡು.

"ಸೌಂಡ್ ಕಾರ್ಡ್." ಸರಿ ಗುರುತು.

ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೀಯ.

ಹೌದು. ಅದು ಬೇರೆ ಪ್ರಶ್ನೆಯಾಗೇ ಬಂದಿತ್ತು. ಯಾವುದಕ್ಕೂ ನೇತಾಡಿ ಬೀಳಲಿಲ್ಲ. ನಾನು ಓದಿದೆ, "ಧ್ವನಿ ಬೇಕಾ" ಅಂತ ಕನ್ನಡದಲ್ಲೇ ಕೇಳಿದೆ, ನೀನು ಒಂದು ತಟ್ಟಿದೆ. ಲೋಟ ಹಾರೋ ಹಾಗೆ ತಟ್ಟಿದೆ.

ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನಾನು ಅವಳಿಗಿಂತ ಕಡೆ. ನೆಲದ ಮೇಲಲ್ಲ, ನಿನ್ನ ಕೈ ಮೇಲೆ ಹಾಕ್ಬಿಟ್ಟೆ.

ಸರಿ. ಸರಿ ಅಕ್ಕ. ನಾನೇ ಬದಲಾಯಿಸಿದ್ದು. ನೀನು ಬಟ್ಟೆ ಒಣಗಿಸೋಕೆ ಮಹಡಿ ಮೇಲೆ ಹೋದ್ಯಲ್ಲ, ಆಗ. ಹಿಂದಕ್ಕೆ ಹೋಗಿ ಬೇಡ ಅಂತ ಒತ್ತಿದೆ. ಹಳೇ ಕರ್ನಲ್ಲೂ ಮರೆತು ಅಳಿಸಿದ್ದಲ್ಲ. ನಿನ್ನ ಲ್ಯಾಪ್‌ಟಾಪ್ ಎರಡು ದಿನ ಅಂಗಡೀಲಿ ಇಟ್ಕೊಂಡೆ, ನೀನು ಮನೇಲಿ ಚೀಟಿ ಬರ್ಕೊಂಡು ಇದ್ದೆ. ಇವತ್ತು ಬೆಳಿಗ್ಗೆ ನೀನು ಚಪ್ಪಲಿ ಹಾಕ್ಕೊಳ್ಳೋವಾಗ ತಂದುಕೊಟ್ಟೆ. ಒಂದ್ಸಲ ತೆರೆದು ನೋಡ್ತೀನಿ ಅಂತ ನೀನು ಸನ್ನೆ ಮಾಡಿದೆ, ಚಾರ್ಜ್ ಇಳಿಯುತ್ತೆ ಅಲ್ಲೇ ತೆರಿ ಅಂತ ನಾನು ಅಂದೆ. ಎಲ್ಲಾ ನಾನೇ.

ಆದ್ರೆ ಯಾಕೆ ಅಂತ ಕೇಳು. ಕೇಳಲ್ವಾ? ನಾನೇ ಹೇಳ್ತೀನಿ. ನಿನಗೋಸ್ಕರ ಮಾಡ್ದೆ. ಹೌದು, ಹಾಗೆ ಹುಬ್ಬು ಏರಿಸಬೇಡ, ಪೂರ್ತಿ ಕೇಳು. ನಿಂಗೆ ಗೊತ್ತಿಲ್ಲ ಮಕ್ಕಳು ಏನು ಮಾಡ್ತಾರೆ ಅಂತ. ನಂಗೆ ಗೊತ್ತು, ಅನುಭವಿಸಿದ್ದೀನಿ. ನಾನು ಬಾಯಿ ಬಿಡೋದಕ್ಕೇ ಕಾಯ್ತಿದ್ರು, ಬಾಯಿ ಬಿಟ್ರೆ ಬಣ್ಣಗೇಡು. ಆ ಮಷೀನು "ಗಣಿತ" ಅನ್ನಲ್ಲ ಅಕ್ಕ, "ಗನಿಥಾ" ಅನ್ನುತ್ತೆ. ಪ್ರಶ್ನೆ ಕೇಳಿದ್ರೂ ಒಂದೇ ರಾಗ, ಬೈದ್ರೂ ಒಂದೇ ರಾಗ. ಒಂದು ವಾರದಲ್ಲಿ ಇಡೀ ಶಾಲೆ ಅದನ್ನ ಅಣಕಿಸುತ್ತೆ. ನಿನ್ನನ್ನ ಮಗ್ಗಿ ಟೀಚರ್ ಅಂತಿದ್ರು. ನೀನು ಮಗ್ಗಿ ಹೇಳಿಸ್ತಿದ್ರೆ ಬೀದಿ ಕೊನೇಲಿ ಸೈಕಲ್ ಪಂಕ್ಚರ್ ಹಾಕೋನೂ ತಲೆ ಅಲ್ಲಾಡಿಸ್ತಿದ್ದ. ಆ ಧ್ವನಿ ಇದ್ದ ಜಾಗದಲ್ಲಿ ಇದು… ಡಬ್ಬ. ಅದಕ್ಕೇ ಅಂದ್ಕೊಂಡೆ, ಒಂದು ದಿನ ಇದು ಮಾತಾಡದೇ ಹೋದ್ರೆ ಅವರು ಲೈಬ್ರರಿ ಕೊಡ್ತಾರೆ. ಪುಸ್ತಕಗಳ ಮಧ್ಯೆ ಇರ್ತೀಯ, ಯಾರೂ ಅಣಕಿಸಲ್ಲ, ನೆಮ್ಮದಿ. ಅಕ್ಕನಿಗೆ ಅವಮಾನ ಆಗಬಾರದು ಅಂತ ತಮ್ಮ ಯೋಚನೆ ಮಾಡಿದ್ದು ತಪ್ಪಾ?

ಮಾಡಿದ ರೀತಿ ತಪ್ಪು. ಒಪ್ತೀನಿ. ಆದ್ರೆ ಮನಸ್ಸಲ್ಲಿ ಇದ್ದಿದ್ದು…

ಇರು. ಇರು ಇರು. ಮುಗೀತು. ನೋಡು, ಪೂರ್ತಿ ಆಯ್ತು, ಒಂದೂ ಎರರ್ ಇಲ್ಲ. ಮೂರು ನಲವತ್ತು. ಹೇಳಿದ್ದೆ ತಾನೇ? ಎಲ್ಲಾ ಒಂದೇ ಫೈಲಲ್ಲಿ ಕಟ್ಟಿದ್ದೀನಿ, ಪೆನ್‌ಡ್ರೈವಲ್ಲಿ ಹಾಕ್ಕೊಂಡು… ಕೊಡು ನಿಂದು. ಛೇ, ಈ ತೂತಿಗೆ ಯಾವ ಕಡೆಯಿಂದ ಹಾಕಿದ್ರೂ ಮೊದಲ ಸಲ ಹೋಗಲ್ಲ. ಹಾಂ. ಕಾಪಿ ಆಗ್ತಿದೆ. ಹಳೇದನ್ನ ಈ ಸಲ ಅಳಿಸಲ್ಲ, ನೋಡ್ಕೋ ಬೇಕಾದ್ರೆ. ಆಯ್ತು. ರೀಸ್ಟಾರ್ಟ್. ಒಂದು, ಎರಡು, ಮೂರು, ನಾಲ್ಕು…

ಹನ್ನೆರಡು. ಧ್ವನಿಗೆ ಒಂದು ಸೆಕೆಂಡ್ ಜಾಸ್ತಿ ಅಷ್ಟೇ ಅಕ್ಕ. ಒಂದೇ ಒಂದು ಸೆಕೆಂಡಿನ ಕೀಲಿ.

ಟಿಣ್ ಅಂತಲ್ಲ, ಕೇಳಿಸ್ತಾ? ಬಂತು! ಧ್ವನಿ ಬಂತು. ತಗೋ. ನಿನ್ನ ಮುಂದೆ ಇಡ್ತೀನಿ. ಟೈಪ್ ಮಾಡು. ಏನಾದ್ರೂ ಹೇಳು. ನಾಲ್ಕಕ್ಕೆ ಮುಂಚೆ ಒಂದ್ಸಲ ಸರಿಯಾಗಿ ಕೇಳಿ ನೋಡಬೇಕಲ್ಲ. ನನ್ನನ್ನ ಬೈದೇ ಟೆಸ್ಟ್ ಮಾಡು. ಕತ್ತೆ ಅನ್ನು, ಅದು "ಕಥೆ" ಅಂದ್ರೂ ಪರವಾಗಿಲ್ಲ, ನಂಗೆ ಅರ್ಥ ಆಗುತ್ತೆ.

ಟೈಪ್ ಮಾಡು ಅಕ್ಕ.

ಯಾಕೆ? ಈಗ ಬರುತ್ತಲ್ಲ ಮಾತು. ಇಷ್ಟು ಹೊತ್ತು ಇರಲಿಲ್ಲ, ಸುಮ್ನಿದ್ದೆ. ಈಗ ಇದೆ. ಇದ್ದೂ ಸುಮ್ನೆ ಕೂತ್ರೆ ನಾನೇನು ತಿಳ್ಕೊಳ್ಳಲಿ? ಎರಡು ಬೆರಳು ಆಡಿಸು. ದಮ್ಮಯ್ಯ ಅಂತೀನಿ. ನೀನು ಬೈದ್ರೆ ತಡ್ಕೋತೀನಿ, ಇದನ್ನ ತಡ್ಕೊಳ್ಳೋಕಾಗಲ್ಲ.

ಎದ್ದೆ ಯಾಕೆ? ಅವರು ಕರೀಲಿಲ್ಲ ಇನ್ನೂ. ಎಲ್ಲಿಗೆ… ಬಾಗಿಲು ಈ ಕಡೆ. ಹಿಂದಕ್ಕೆ ಯಾಕೆ ಹೋಗ್ತಿದ್ದೀಯ? ಇಲ್ಲೇ ನನ್ನ ಪಕ್ಕ ಕೂತಿದ್ಯಲ್ಲ. ಕೊನೇ ಬೆಂಚಿಗಾ? ಲ್ಯಾಪ್‌ಟಾಪ್ ಇಲ್ಲೇ ಬಿಟ್ಟು…

ಕೂತ್ಕೊಂಡೆ. ಕಿಟಕಿ ಕಡೆ ತಿರುಗಿ. ಇಲ್ಲಿ ಕೂತಿರೋನು ಯಾರೋ, ನೀನು ಯಾರೋ ಅನ್ನೋ ಹಾಗೆ.

ಅಕ್ಕ, ಏನಿದು ಆಟ?

…

ಟಿಕೆಟ್ಟು. ನೋಟ್‌ಬುಕ್ಕಲ್ಲಿ ಇದ್ದಿದ್ದು. ಶನಿವಾರದ್ದು.

ನೋ… ನೋಡಿದ್ಯಾ.

ಬಸ್ಸಲ್ಲಿ… ನೀ… ನೀನು ಮುಂದೆ ಇದ್ದೆ. ನಿನ್ನ ಬೆನ್ನು ಕಾಣಿಸ್ತಿತ್ತು ನಂಗೆ. ನೋಡಿಲ್ಲ ಅಂದ್ಕೊಂಡಿದ್ದೆ. ದೇವ್ರಾಣೆ, ನೋಡಿಲ್ಲ ಅಂತಲೇ…

ಮೊ… ಮೊದಲು ಪಕ್ಕದಲ್ಲೇ ಕೂತಿದ್ದೆ ನಾನು. ಕಂಡಕ್ಟರ್ ಹತ್ರ ಬಂದಾಗ ನೀನು ಮೊದಲೇ ತೆರೆದಿಟ್ಕೊಂಡಿದ್ದ ಲ್ಯಾಪ್‌ಟಾಪಲ್ಲಿ ಟೈಪ್ ಮಾಡಿದೆ. ಧ್ವನಿ ಪೂರ್ತಿ ಏರಿಸಿದ್ದೆ. "ಎರಡು ಟಿಕೆಟ್. ಒಂದು ನನಗೆ. ಒಂದು ನನ್ನ ತಮ್ಮನಿಗೆ." ಇಡೀ ಬಸ್ಸು ತಿರುಗಿತು. ಕಂಡಕ್ಟರ್ ತಮಾಷೆಗೆ "ಇನ್ನೊಂದ್ಸಲ ಹೇಳ್ಸಿ ಅಮ್ಮ" ಅಂದ. ನೀನು ಪಾಪ ಅವನಿಗೆ ಕೇಳಿಸಿಲ್ಲ ಅಂದ್ಕೊಂಡು ಮತ್ತೆ ಒತ್ತಿದೆ. ಕಾಲೇಜು ಹುಡುಗರು ಮೂ… ಮೂವರು ಅದೇ ರಾಗದಲ್ಲಿ "ನನ್ನ ಥಮ್ಮನಿಗೆ, ನನ್ನ ಥಮ್ಮನಿಗೆ"… ನೀನು ಅವರ ಕಡೆ ನೋಡಿ ನಕ್ಕೆ ಅಕ್ಕ. ಸಣ್ಣ ಮಕ್ಕಳನ್ನ ನೋಡಿ ನಗೋ ಹಾಗೆ. ನಿಂಗೇನೂ ಆಗಲಿಲ್ಲ. ನಿಂಗೆ ಅವಮಾನವೇ ಆಗಲಿಲ್ಲ. ನಾನು ಈಗ ಹೇಳಿದ್ನಲ್ಲ, ಅಕ್ಕನಿಗೆ ಅವಮಾನ ಆಗಬಾರದು ಅಂತ…

ಎ… ಎದ್ದು ಹೋಗಿದ್ದು ನಾನು. ಜನ ಇಳೀತಿದ್ರಲ್ಲ, ಆ ಗಲಾಟೇಲಿ. ಹಿಂದಕ್ಕೆ ಹೋಗಿ ಕಂಬಿ ಹಿಡ್ಕೊಂಡು ಕಿಟಕಿ ಆಚೆ ನೋಡ್ತಾ ನಿಂತೆ. ಕಂಡಕ್ಟರ್ ಹಿಂದೆ ಬಂದ. "ಮುಂದೆ ಕೂತಿರೋ ಅಮ್ಮನ ತಮ್ಮ ನೀವೇನಾ?" ಅಂತ ಕೇಳಿದ. ಇನ್ನೇನು, ಹೌದು ಅನ್ನಬೇಕು. ಎರಡಕ್ಷರ. ತೊದಲೂ ಇಲ್ಲ ಈಗ ನಂಗೆ. "ಅಲ್ಲ" ಅಂದೆ. "ನಂದು ಬೇರೆ ಟಿಕೆಟ್" ಅಂತ ಇನ್ನೊಂದು ತಗೊಂಡೆ. ಎಷ್ಟು ಸಲೀಸಾಗಿ ಬಂತು ಗೊತ್ತಾ? ನೀರು ಕುಡಿದ ಹಾಗೆ.

ಇಬ್ರು ಜನ, ಮೂರು ಟಿಕೆಟ್ಟು. ಲೆಕ್ಕದ ಟೀಚರಿಗೆ ಗೊತ್ತಾಗಲ್ವಾ.

ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನಂದು ಒಂದು ಬಸ್ ಟಿಕೆಟ್ಟಿಗೆ ಹೋಯ್ತು.

ಅಂದ್ರೆ… ಅಂದ್ರೆ ನೀನು ಶನಿವಾರವೇ ನೋಡಿದ್ದೆ. ನೋಡಿಯೂ ಭಾನುವಾರ ಬೆಳಿಗ್ಗೆ ಈ ಲ್ಯಾಪ್‌ಟಾಪ್ ತಂದು ನನ್ನ ಕೈಲಿ ಇಟ್ಟೆ. ನನ್ನ ಜೊತೆ ಕೂತು ನಗ್ತಾ ಮೇಜು ತಟ್ಟಿದೆ. ನನ್ನ ಪಾಲಿನ ಟಿಕೆಟ್ಟನ್ನ ಆ ಪುಟದಲ್ಲೇ ಇಟ್ಟೆ. ನಾ… ನಾನೇ ಹೇಳ್ತೀನೇನೋ ಅಂತ ಕಾಯ್ತಿದ್ದೆ. ನಾನು ಏನು ಮಾಡ್ದೆ? ನೀನು ಮಹಡಿ ಹತ್ತೋದನ್ನೇ ಕಾಯ್ದೆ.

ಮಕ್ಕಳು ಅಣಕಿಸ್ತಾರೆ ಅಂತಲ್ಲ ಅಕ್ಕ. ಲೈಬ್ರರಿ, ನೆಮ್ಮದಿ, ಅದೆಲ್ಲಾ ಆಮೇಲೆ ಹೊಲ್ಕೊಂಡಿದ್ದು. ಆ ಧ್ವನಿ ಇನ್ನೊಂದ್ಸಲ ಎಲ್ಲರ ಮುಂದೆ "ನನ್ನ ತಮ್ಮ" ಅನ್ನಬಾರದು ಅಂತ… ನ… ನಂಗೆ… ನಿನ್ನ…

ಆಗ್ತಿಲ್ಲ. ಆ ಒಂದು ಮಾತು… ಬ… ಬರ್ತಿಲ್ಲ ಅಕ್ಕ. ನ… ನ…

ಏನದು? ಬೆಂಚು ತಟ್ಟಿದ್ಯಾ?

ಒಂದು. ಬೇಕು. ಏ… ಏನು ಬೇಕು?

ಎರಡು. ಬೇಡ ಅಂತನಾ? ನಾನು ಹೋ… ಹೋಗ್ಲಾ ಇಲ್ಲಿಂದ?

ಮೂರು. ಮೂರಕ್ಕೆ ನಾವು ಏನೂ ಅರ್ಥ ಇಟ್ಟಿರಲಿಲ್ಲ…

ನಾಲ್ಕು. ಐದು. ನಿಧಾನಕ್ಕೆ. ಒಂದೇ ಅಳತೇಲಿ. ಇದು… ಇದು ಅದಲ್ಲ. ಇದು ಮಗ್ಗಿ ಪುಸ್ತಕದ್ದು. ಅವಸರ ಇಲ್ಲ, ತಟ್ಟಿದ ಹಾಗೆ ಹೇಳು ಅಂತಿದ್ಯಲ್ಲ, ಅದು.

ತ… ತಟ್ಟು. ನಿಲ್ಲಿಸಬೇಡ. ಹೇಳ್ತೀನಿ.

ನಿ. ನ್ನ. ತ. ಮ್ಮ. ಅ. ನ್ನೋ. ಕೆ. ನಂ. ಗೆ. ನಾ. ಚಿ. ಕೆ. ಆ. ಯ್ತು.